ಸೆಂಟು

ಆರನೇ ಪುಟ, ಪ್ರಶ್ನೆ ಹದಿನೇಳು:
ನಿಮ್ಮ ತೋಟದ ಕಾಡುಮರಗಳನ್ನು ಕಡಿಯದೆ ಉಳಿಸಲು
ಎಕರೆಗೆ, ವರ್ಷಕ್ಕೆ, ಎಷ್ಟು ಪರಿಹಾರ ಬೇಕು?
ಅಂಕಿಯಲ್ಲಿ ಮಾತ್ರ ನಮೂದಿಸಿ.

ಕೇಳುವವಳು ನಾನು. ದಿನಕ್ಕೆ ಎಂಟು ಮನೆ,
ಮನೆಯೊಂದಕ್ಕೆ ನೂರಿಪ್ಪತ್ತು, ಬಸ್ ಚಾರ್ಜು ನನ್ನದೇ.

ಕುಶಾಲನಗರದ ಕಡೆ
ಹೋದ ವರ್ಷ ಒಂಬತ್ತು ಸಾವಿರ ಅಂದವರು
ಈ ವರ್ಷ ಹದಿನಾಲ್ಕು ಅಂದರು.
ಹೂಮಳೆ ಬರಲಿಲ್ಲ. ಸ್ಪ್ರಿಂಕ್ಲರ್ ಪೈಪು
ಕೆರೆಯ ಕೆಸರಲ್ಲಿ ಬಾಯಿ ತೆರೆದು ಮಲಗಿತ್ತು.
ಸಿಲ್ವರ್ ಓಕಿಗೆ ವ್ಯಾಪಾರಿ ಬಂದು ಹೋಗಿದ್ದಾನೆ,
ಮುಂದಿನ ವಾರ ಅತ್ತಿಯನ್ನೂ ನೋಡುತ್ತಾನಂತೆ.
ಬಿಸಿಲು ಏರಿದಷ್ಟೂ ನೆರಳು ತುಟ್ಟಿ.
ಇಷ್ಟು ನನ್ನ ಮೇಲಿನವರಿಗೆ ಅರ್ಥವಾಗುತ್ತದೆ,
ಗ್ರಾಫು ಚೆನ್ನಾಗಿ ಬರುತ್ತದೆ.

ಮಾದಾಪುರದಾಚೆ ಗ್ರಾಫು ಕೆಡುತ್ತದೆ.
ಅಲ್ಲಿ ಪೆಮ್ಮಯ್ಯ ಅಂಗಳದ ತುದಿಗೆ ಕರೆದೊಯ್ದು
ಕೆಳಗೆ ಬೆರಳು ತೋರಿಸಿದ:
ಬೆಟ್ಟದ ಹೊಟ್ಟೆಗೆ ಹೊಲಿಗೆ ಬಿಚ್ಚಿದಂಥ ಕೆಂಪು ಗೀರು,
ಅಂಚಲ್ಲಿ ಈಗಷ್ಟೇ ಹುಲ್ಲು.
"ಅಲ್ಲಿ ಬಳಂಜಿ ಇತ್ತು, ಎರಡು ಹಲಸು ಇತ್ತು,
ಭಾವನ ಕೊಟ್ಟಿಗೆ ಇತ್ತು.
ಮರ ಇದ್ದ ಜಾಗವೂ ಜಾರಿತು, ಇಲ್ಲದ್ದೂ ಜಾರಿತು.
ನಾನು ಎಷ್ಟು ಅಂತ ಹೇಳಲಿ?
ನೀವೇ ಒಂದು ಹಾಕಿಕೊಳ್ಳಿ."
ಹಾಕಿಕೊಳ್ಳುವಂತಿಲ್ಲ. ತರಬೇತಿಯಲ್ಲಿ
ಎರಡು ಸಲ ಹೇಳಿದ್ದರು.

ಇನ್ನೊಬ್ಬರು, ಹೆಸರು ಬೇಡ ಅಂದವರು,
ನಕ್ಕೇ ನಕ್ಕರು:
"ಬಾಣೆಯ ಬೀಟೆ ಸರ್ಕಾರದ್ದು, ತಾಯೀ.
ಅದರ ಎಲೆ ಬಿದ್ದರೆ ಗುಡಿಸುವ ಕೆಲಸ ಮಾತ್ರ ನನ್ನದು.
ಕಡಿಯಲಾಗದ್ದನ್ನು ಕಡಿಯದೆ ಇರಲಿಕ್ಕೆ
ಎಷ್ಟು ಅಂತ ಕೇಳಲಿ, ಯಾರನ್ನ ಕೇಳಲಿ?"

ಲೈನುಮನೆಯ ಬೊಳ್ಕನಿಗೆ ಪ್ರಶ್ನೆ ಹದಿನೇಳು ಇಲ್ಲ.
ಎರಡನೆಯದಕ್ಕೇ, 'ಜಮೀನು ಇದೆಯೇ',
ಅವನ ಫಾರಂ ಮುಗಿಯುತ್ತದೆ.
ಆದರೂ ಕೇಳಿದೆ.
ಅವನು ಮರದ ತುದಿ ನೋಡುತ್ತಾ ಅಂದ:
"ಈ ಸಲ ಹೆಜ್ಜೇನು ಬರೋವಾಗ ಹೂವೇ ಮುಗಿದಿತ್ತು.
ಅಷ್ಟು ದೂರದಿಂದ ಬಂದಿದ್ವು.
ಅವಕ್ಕೇನಾದರೂ ಕೊಡ್ತಾರಾ?"

ಕೊನೆಯ ಮನೆ ದೇಚಮ್ಮನವರದು.
ಕಪಾಟಿನ ತುಂಬ ಮಳೆಯ ಪುಸ್ತಕ,
ಮಾವ ಬರೆದದ್ದು, ಗಂಡ ಬರೆದದ್ದು,
ಈಗ ಅವರ ಕೈಬರಹ, ಸ್ವಲ್ಪ ನಡುಗುವುದು:
ದಿನಕ್ಕೊಂದು ಗೆರೆ, ಇಂಚು, ಸೆಂಟು.
ಜನವರಿಯ ಒಂದು ಪುಟದ ಮೇಲೆ ಕಾಫಿಯ ಕಲೆ.
"ಒಣಗಲು ಹಾಕಿದ್ದ ಹಣ್ಣೆಲ್ಲ ಕಣದಲ್ಲಿ ತೇಲಿತು, ಆವತ್ತು
ಬರೆಯುವಾಗ ಕೈತಪ್ಪಿದ್ದು."

"ನಿನ್ನ ಊರು ಯಾವುದು?"
ಮಳವಳ್ಳಿ ಅಂದೆ.
"ಸರಿ. ನನ್ನನ್ನು ಎಷ್ಟು ಬೇಕು ಅಂತ ಕೇಳಿದೆ.
ನೀನು ಎಷ್ಟು ಕೊಡ್ತೀ?"

ಆ ಪ್ರಶ್ನೆ ಯಾವ ಪುಟದಲ್ಲೂ ಇರಲಿಲ್ಲ.
ನಮ್ಮ ಬೀದಿಯ ನಲ್ಲಿ ಎರಡು ದಿನಕ್ಕೊಮ್ಮೆ, ಐದು ಗಂಟೆಗೆ;
ಕೊಡ ಸಾಲಿನಲ್ಲಿಟ್ಟು ಅಮ್ಮ ಬಾಗಿಲಲ್ಲೇ ತೂಕಡಿಸುತ್ತಾಳೆ.
ಬಿಲ್ಲಿನಲ್ಲಿ ಪೈಪಿಗೆ ದುಡ್ಡು, ಮೋಟಾರಿಗೆ ದುಡ್ಡು,
ತಡವಾದರೆ ದಂಡ.
ಮಳೆಗೆ ಕಾಲಂ ಇಲ್ಲ. ಮಳೆ ಹಿಡಿದಿಟ್ಟ ಬೇರಿಗೂ.
ಚೀಲದಲ್ಲಿ ನನ್ನ ಹತ್ತಿರ ಎಂಬತ್ತು ರೂಪಾಯಿ ಇತ್ತು.
ಹೇಳಲಿಲ್ಲ.

ಅಷ್ಟರಲ್ಲಿ ಹಂಚಿನ ಮೇಲೆ ಸದ್ದು,
ಹತ್ತು ನಿಮಿಷ, ಆಮೇಲೆ ಏನೂ ಇಲ್ಲ.
ದೇಚಮ್ಮ ಅಂಗಳಕ್ಕಿಳಿದು ಮಾಪಕದ ಕೊಳವೆ ತೆಗೆದು
ಗಾಜಿನ ಅಳತೆಗೆ ಸುರಿದು
ಕಣ್ಣಿನ ಮಟ್ಟಕ್ಕೆ ಹಿಡಿದರು, ಕನ್ನಡಕ ಹಣೆಗೇರಿಸಿ.
"ಹದಿನೆಂಟು ಸೆಂಟು. ಬರ್ಕೊ.
ಇಷ್ಟು ಬೇಕು ನನಗೆ.
ಆದರೆ ಮಾರ್ಚಿನಲ್ಲಿ ಬೇಕು."

ಬರೆದೆ. ಟ್ಯಾಬು ಅದನ್ನು ನೆಲ ಅಂದುಕೊಂಡಿತು.
'ವಿಸ್ತೀರ್ಣ ಒಂದು ಎಕರೆಗಿಂತ ಕಡಿಮೆ, ಅರ್ಹರಲ್ಲ'
ಎಂದು ಕೆಂಪಗಾಯಿತು.
ಅಳಿಸದೆ ಹಾಗೇ ಕಳಿಸಿದೆ.

ಗಾಜಿನಲ್ಲಿದ್ದ ನೀರನ್ನು ದೇಚಮ್ಮ
ತೋಡಿನ ಕಡೆ ಚೆಲ್ಲಿದರು.
"ಹೊರಡು, ಕತ್ತಲಾಗುತ್ತೆ.
ಇದಕ್ಕಿಂತ ಮೊದಲು ನಿನ್ನ ಬಸ್ಸು ತಲುಪುತ್ತೆ."